ಹೊಗೆ ಬಣ್ಣದ ಸ್ಫಟಿಕಕ್ಕೆ ಸಾಣೆ ಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ನಮ್ಮ ಮನೆಯ ಮೆತ್ತಿನ ಮೇಲೆ ಒಂದು ಸಾಣೆ ಯಂತ್ರ ಇದೆ. ಮನೆಗೆ ಬಂದ ನೆಂಟರು ಮೊದಲು ಅಡಿಕೆ ಬೆಲೆ ಕೇಳುತ್ತಾರೆ, ಆಮೇಲೆ "ಮೇಲೆ ಎಂತದೋ ಗುರ್ ಅಂತದಲ್ಲ, ಅದೆಂತದು?" ಅಂತ ಕೇಳುತ್ತಾರೆ. ಕಾರವಾರ, ಕುಮಟಾ ಕಡೆಯ ಗೆಳೆಯರು ಫೋನಿನಲ್ಲಿ ಕೇಳುವುದೂ ಹೆಚ್ಚುಕಡಿಮೆ ಅದನ್ನೇ. ಕೆಲವರು ಯಂತ್ರ ತಂದು ನಡುವೆ ಸಿಕ್ಕಿಕೊಂಡು ಪತ್ರ ಬರೆದಿದ್ದಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರು ಕೇಳಿದ ಮಾತಿನಲ್ಲೇ ಇವೆ.

## ಶುರು ಮಾಡುವ ಮೊದಲು

ಸ್ಮೋಕಿ ಕ್ವಾರ್ಟ್ಜ್ ಅಂದ್ರೆ ಯಾವ ಕಲ್ಲು? ನಮ್ಮ ಬೆಣಚು ಕಲ್ಲೇನಾ?

ಹೌದು, ಅದೇ ಜಾತಿ. ಗದ್ದೆ ಬದುವಿನಲ್ಲಿ ಸಿಗುವ ಬಿಳಿ ಬೆಣಚು, ದೇವರ ಕೋಣೆಯ ಸ್ಫಟಿಕ ಲಿಂಗ, ನೇರಳೆ ಅಮೆಥಿಸ್ಟ್, ಈ ಹೊಗೆ ಬಣ್ಣದ ಕಲ್ಲು ಎಲ್ಲವೂ ಸಿಲಿಕಾನ್ ಡೈಆಕ್ಸೈಡ್. ಗಡಸುತನ ಹತ್ತರವರೆಗಿನ ಮೋಸ್ ಅಳತೆಯಲ್ಲಿ 7. ಚಾಕುವಿನಿಂದ ಗೀರಿದರೆ ಗೀರು ಬೀಳುವುದಿಲ್ಲ, ಗಾಜನ್ನು ಅದೇ ಗೀರುತ್ತದೆ.

ಬಣ್ಣ ಬರುವ ಬಗೆ ಮಾತ್ರ ಬೇರೆ. ಕಲ್ಲು ಬೆಳೆಯುವಾಗ ಸಿಲಿಕಾನ್ ಇರಬೇಕಾದ ಕೆಲವು ಜಾಗದಲ್ಲಿ ಅಲ್ಯೂಮಿನಿಯಂ ಸೇರಿಕೊಳ್ಳುತ್ತದೆ. ಸುತ್ತಲಿನ ಬಂಡೆಯಿಂದ ಬರುವ ಸಹಜ ವಿಕಿರಣ ಲಕ್ಷಾಂತರ ವರ್ಷ ಅದಕ್ಕೆ ತಾಗುತ್ತಾ ಹೋದಂತೆ ಕಲ್ಲು ಬೆಳಕನ್ನು ಹೀರಿಕೊಳ್ಳಲು ಶುರು ಮಾಡುತ್ತದೆ. ತೆಳು ಚಹಾ ಬಣ್ಣದಿಂದ ಹಿಡಿದು ಜೋನಿ ಬೆಲ್ಲದ ಬಣ್ಣ, ಅಲ್ಲಿಂದ ಇದ್ದಿಲಿನ ಕಪ್ಪಿನವರೆಗೂ ಸಿಗುತ್ತದೆ. ತೀರಾ ಕಪ್ಪಾದದ್ದಕ್ಕೆ ಮೋರಿಯಾನ್ ಅನ್ನುತ್ತಾರೆ. ಸ್ಕಾಟ್ಲೆಂಡಿನವರು ತಮ್ಮ ಬೆಟ್ಟದ ಹೆಸರಿನಿಂದ ಇದನ್ನು ಕೇರ್ನ್‌ಗಾರ್ಮ್ ಅಂತ ಕರೆದು, ಉಡುಪಿನ ಪಿನ್ನುಗಳಿಗೆ ಕೂರಿಸುತ್ತಿದ್ದರು. ಈಗ ಮಾರುಕಟ್ಟೆಗೆ ಬರುವ ಕಲ್ಲಿನಲ್ಲಿ ಬ್ರೆಜಿಲ್‌ನ ಪಾಲು ದೊಡ್ಡದು.

ಅಂಗಡಿಯವರು ಸ್ಮೋಕಿ ಟೋಪಾಜ್ ಅಂತ ಕೊಟ್ರು. ಎರಡೂ ಒಂದೇ ಅಲ್ವಾ?

ಅಲ್ಲ. ಟೋಪಾಜ್ ಬೇರೆಯೇ ಖನಿಜ, ಗಡಸುತನ 8, ತೂಕವೂ ಜಾಸ್ತಿ. "ಸ್ಮೋಕಿ ಟೋಪಾಜ್" ಅಂತ ಮಾರುವುದು ಬಹುತೇಕ ಇದೇ ಕಲ್ಲು. ಹೆಸರು ದೊಡ್ಡದಾದರೆ ಬೆಲೆಯೂ ಸ್ವಲ್ಪ ಏರುತ್ತದೆ, ಅಷ್ಟೇ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಕಲ್ಲನ್ನು ತೂಗಿ. 5.30 ಗ್ರಾಂ ಬಂತು ಅಂದುಕೊಳ್ಳಿ. ಈಗ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ನೀರಿನೊಳಗೆ ಇಳಿಬಿಡಿ. ತಕ್ಕಡಿ 2.00 ತೋರಿಸಿದರೆ 5.30 ಭಾಗಿಸು 2.00, ಅಂದರೆ 2.65. ಇದು ಸ್ಫಟಿಕ. ಟೋಪಾಜ್ ಆಗಿದ್ದರೆ ಉತ್ತರ 3.5ರ ಆಸುಪಾಸು ಬರಬೇಕಿತ್ತು. ಬೆರಳ ತುದಿಯಷ್ಟು ಸಣ್ಣ ಕಲ್ಲಾದರೆ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಮೂರು ಸಲ ತೂಗಿ.

ಗಾಜನ್ನು ಹಿಡಿಯಲು ಲೆನ್ಸ್ ಸಾಕು. ಒಳಗೆ ದುಂಡನೆ ಗುಳ್ಳೆ ಕಂಡರೆ ಅದು ಗಾಜು. ನಾನು ಒಮ್ಮೆ ಅರ್ಧ ಕಿಲೋ ಗಾಜು ಕೊಂಡವನು. ಮಾರಿದವನು ಯಾರು ಅಂತ ಹೇಳುವುದಿಲ್ಲ. ಲೆನ್ಸ್ ನನ್ನ ಕಿಸೆಯಲ್ಲೇ ಇತ್ತು.

ಫೆಸೆಟಿಂಗ್ ಅಂದ್ರೆ ಪಾಲಿಶ್ ಮಾಡೋದಾ?

ಪಾಲಿಶ್ ಅದರ ಕೊನೆಯ ಹಂತ. ಕಲ್ಲನ್ನು ದುಂಡಗೆ ಉಜ್ಜಿ ಹೊಳಪು ಕೊಟ್ಟರೆ ಅದು ಕ್ಯಾಬೊಶಾನ್. ಲೆಕ್ಕ ಹಾಕಿದ ಕೋನದಲ್ಲಿ ಚಪ್ಪಟೆ ಮುಖಗಳನ್ನು ಒಂದೊಂದಾಗಿ ಕಡೆದು, ಮೇಲಿಂದ ಹೊಕ್ಕ ಬೆಳಕು ತಳದಲ್ಲಿ ಎರಡು ಸಲ ತಿರುಗಿ ಮತ್ತೆ ಮೇಲಕ್ಕೇ ಬರುವ ಹಾಗೆ ಮಾಡುವುದು ಫೆಸೆಟಿಂಗ್. ಮಾಮೂಲಿ ರೌಂಡ್ ಬ್ರಿಲಿಯಂಟ್ ಹರಳಿಗೆ 57 ಮುಖ: ಕೆಳಗೆ 24, ಮೇಲೆ 33.

ವಿಕಿರಣದಿಂದ ಬಣ್ಣ ಬಂದದ್ದು ಅಂತೀರಿ. ಮನೇಲಿ ಮಕ್ಕಳಿದ್ದಾರೆ, ಇಟ್ಕೊಳ್ಳಬಹುದಾ?

ಧೈರ್ಯವಾಗಿ ಇಟ್ಟುಕೊಳ್ಳಿ. ಕೈಗಾ ಅಣುಸ್ಥಾವರ ಇರುವ ನಮ್ಮ ಜಿಲ್ಲೆಯಲ್ಲಿ ವಿಕಿರಣ ಅಂದ ಕೂಡಲೇ ಜನ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ, ಅದು ಸಹಜ. ಆದರೆ ಗಾಮಾ ಕಿರಣ ತಾಗಿದ ವಸ್ತು ತಾನೇ ವಿಕಿರಣ ಸೂಸುವುದಿಲ್ಲ. ಬಿಸಿಲಿಗೆ ಮೈ ಕಪ್ಪಾದವನು ರಾತ್ರಿ ಬೆಳಕು ಕೊಡುತ್ತಾನಾ? ಹಾಗೇ ಇದು. ಬಿಳಿ ಸ್ಫಟಿಕವನ್ನು ಕಾರ್ಖಾನೆಯಲ್ಲಿ ಗಾಮಾ ಕಿರಣಕ್ಕೆ ಒಡ್ಡಿ ಕಪ್ಪು ಮಾಡುವುದೂ ಉಂಟು, ಅದಕ್ಕೂ ಇದೇ ಮಾತು. ಅಂಥದ್ದು ಸಾಮಾನ್ಯವಾಗಿ ಮಸಿಯ ಹಾಗೆ ಕಪ್ಪಾಗಿರುತ್ತದೆ. ಹರಳು ಮಾಡಲು ನನಗೆ ಅದು ಇಷ್ಟವಿಲ್ಲ, ಕಾರಣ ಮುಂದೆ ಬರುತ್ತದೆ.

ದೇವಬಾಗದ ಬೀಚಲ್ಲಿ ಹೊಳೆಯೋ ಕಲ್ಲು ಸಿಕ್ಕಿದೆ. ಇದನ್ನೇ ಹರಳು ಮಾಡಬಹುದಾ?

ಬಹುಪಾಲು ಆಗುವುದಿಲ್ಲ. ನಮ್ಮ ಕಡಲ ದಂಡೆಯಲ್ಲಿ, ಕಾಳಿ ಹೊಳೆಯ ಬಾಯಲ್ಲಿ ಸಿಗುವ ಬೆಣಚು ಹರಳುಗಳು ಘಟ್ಟದ ಬಂಡೆಗಳ ನಡುವಿನ ಬಿಳಿ ಪಟ್ಟಿಗಳಿಂದ ಒಡೆದು ಬಂದವು. ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಬಿರುಕು, ನೀರಿನ ಗುಳ್ಳೆ. ಅದಕ್ಕೇ ಹಾಲಿನ ಹಾಗೆ ಕಾಣುವುದು. ಬೆಳಕು ದಾಟದ ಕಲ್ಲಿಗೆ ಮುಖ ಕಡೆದು ಪ್ರಯೋಜನವಿಲ್ಲ. ಒದ್ದೆ ಮಾಡಿ ಮೊಬೈಲ್ ಟಾರ್ಚಿನ ಮುಂದೆ ಹಿಡಿದು ನೋಡಿ. ಟಾರ್ಚಿನ ಚುಕ್ಕಿ ಚೊಕ್ಕವಾಗಿ ಕಂಡರೆ ನನಗೊಂದು ಫೋನ್ ಮಾಡಿ, ನಾನೇ ಬಂದು ನೋಡುತ್ತೇನೆ.

ಕಾಡಿಗೆ ಹೋಗಿ ಅಗೆಯುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಅನುಮತಿ ಇಲ್ಲದೆ ಖನಿಜ ತೆಗೆಯುವುದು ಕಾನೂನಿಗೆ ವಿರುದ್ಧ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಂತೂ ಕೇಳುವುದೇ ಬೇಡ.

ಇದು ರಾಹುವಿಗೆ ಆಗ್ತದಾ, ಶನಿಗಾ?

ರಾಹುವಿಗೆ ಹೇಳುವುದು ಗೋಮೇಧಿಕ. ಅದು ಗಾರ್ನೆಟ್ ಜಾತಿಯ ಹೆಸೊನೈಟ್. ನವರತ್ನದ ಪಟ್ಟಿಯಲ್ಲಿ ಹೊಗೆ ಸ್ಫಟಿಕ ಇಲ್ಲ. ಉಳಿದದ್ದು ಜೋಯಿಸರನ್ನು ಕೇಳಿ.

ಮೊದಲ ಕಲ್ಲಿಗೆ ಇದೇ ಯಾಕೆ? ಚಂದದ ಬಣ್ಣದ್ದು ಬೇರೆ ಇಲ್ವಾ?

ಇದು ಹಾಳಾದರೆ ಹೊಟ್ಟೆ ಉರಿಯುವುದಿಲ್ಲ, ಅದೇ ದೊಡ್ಡ ಕಾರಣ. ದೊಡ್ಡ, ಚೊಕ್ಕ ತುಂಡು ಕಡಿಮೆ ಬೆಲೆಗೆ ಸಿಗುತ್ತದೆ. ಟೋಪಾಜ್ ಒಂದು ದಿಕ್ಕಿನಲ್ಲಿ ಸೌದೆ ಸೀಳಿದ ಹಾಗೆ ಸೀಳುತ್ತದೆ, ಇದಕ್ಕೆ ಆ ಕಾಟ ಇಲ್ಲ. ಅಮೆಥಿಸ್ಟ್ ಕೂಡ ಸುಲಭವೇ, ಆದರೆ ಬಣ್ಣ ಪಟ್ಟೆ ಪಟ್ಟೆಯಾಗಿ ಬಂದು ಹೊಸಬರನ್ನು ಗೊಂದಲಕ್ಕೆ ಹಾಕುತ್ತದೆ. ಬಿಳಿ ಸ್ಫಟಿಕದಲ್ಲಿ ಕಲಿಯಬಹುದು, ಆದರೆ ಅದರ ಮುಖಗಳು ಕೆಲಸ ಮಾಡುವಾಗ ಕಣ್ಣಿಗೆ ಸಿಗುವುದಿಲ್ಲ. ತೆಳು ಹೊಗೆ ಬಣ್ಣದಲ್ಲಿ ಒಂದೊಂದು ಅಂಚೂ ಕಾಣುತ್ತದೆ.

ಒಟ್ಟು ಎಷ್ಟು ಖರ್ಚು ಬೀಳ್ತದೆ?

ಅಮೆರಿಕದ ಒಳ್ಳೆಯ ಯಂತ್ರ ತರಿಸಿದರೆ ಲಕ್ಷಗಳ ಮಾತು. ನಮ್ಮ ದೇಶದಲ್ಲಿ ಹರಳು ಕೆಲಸದ ದೊಡ್ಡ ಊರು ಜೈಪುರ. ಅಲ್ಲಿನ ಸರಳ ಯಂತ್ರ ಅದರ ಒಂದು ಸಣ್ಣ ಪಾಲಿಗೆ ಬರುತ್ತದೆ. ಕೋನ ಮತ್ತು ಇಂಡೆಕ್ಸ್, ಅಂದರೆ ಕಲ್ಲು ಬಾಗುವ ಅಳತೆ ಮತ್ತು ತಿರುಗುವ ಅಳತೆ, ಎರಡೂ ಅಲುಗಾಡದೆ ನಿಲ್ಲುತ್ತವಾ ಅಂತ ಮಾತ್ರ ನೋಡಿ. ಜನ ಯಂತ್ರಕ್ಕೆ ದುಡ್ಡು ಸುರಿದು ಲ್ಯಾಪಿಗೆ, ಅಂದರೆ ಸಾಣೆ ತಟ್ಟೆಗೆ, ಜಿಪುಣತನ ಮಾಡುತ್ತಾರೆ. ಅದು ಉಲ್ಟಾ. 260, 600, 1200, 3000 ನಂಬರಿನ (ನಂಬರ್ ಏರಿದಷ್ಟು ಕಣ ಸಣ್ಣ) ನಾಲ್ಕು ಡೈಮಂಡ್ ಲ್ಯಾಪ್, ಒಂದು ಪಾಲಿಶ್ ಲ್ಯಾಪ್ ಬೇಕೇ ಬೇಕು. ಅಗ್ಗದ 260ರಲ್ಲಿ ಎಲ್ಲೋ ಒಂದು ದಪ್ಪ ಕಣ ಎದ್ದು ಕೂತಿರುತ್ತದೆ, ಅದೊಂದೇ ದಿನವಿಡೀ ಗೀರು ಹಾಕುತ್ತದೆ.

## ಕಲ್ಲು, ಜಾಗ, ಮಳೆಗಾಲ

ಕಚ್ಚಾ ಕಲ್ಲು ಆರಿಸೋವಾಗ ಏನು ನೋಡ್ಬೇಕು?

ಬಣ್ಣ ನೋಡಿ ಮರುಳಾಗಬೇಡಿ. ನನ್ನ ಮೊದಲ ಕಲ್ಲು 60 ಗ್ರಾಂ ತೂಗುತ್ತಿತ್ತು. ಕೈಯಲ್ಲಿ ಹಿಡಿದರೆ ಗಂಭೀರ ಕಡು ಕಂದು, ಸೂರ್ಯನಿಗೆ ಹಿಡಿದರೆ ಒಳಗೆ ಕೆಂಡದ ಹಾಗೆ ಬೆಳಕು. ಎರಡು ವಾರ ಕೂತು 57 ಮುಖ ಕಡೆದೆ. ತಂದು ಆಯಿಯ ಕೈಯಲ್ಲಿಟ್ಟೆ. ಅವಳು ಕಿಟಕಿ ಹತ್ತಿರ ಹೋಗಿ, ತಿರುಗಿಸಿ ನೋಡಿ, "ಇದೆಂತದಾ ತಮಾ, ಕೋಟಿನ ಗುಂಡಿಯನಾ?" ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಯಾಕೆ ಹೀಗಾಯಿತು ಅಂದರೆ, ಕಚ್ಚಾ ಕಲ್ಲನ್ನು ನಾವು ಬೆಳಕಿಗೆ ಅಡ್ಡ ಹಿಡಿದು ನೋಡುತ್ತೇವೆ. ಬೆಳಕು ಒಂದು ಸಲ ದಾಟಿ ಕಣ್ಣಿಗೆ ಬರುತ್ತದೆ. ಹರಳಾದ ಮೇಲೆ ಬೆಳಕು ಮೇಲಿಂದ ಇಳಿದು, ತಳದಲ್ಲಿ ಅಡ್ಡ ಹಾಯ್ದು, ಮತ್ತೆ ಮೇಲೆ ಬರಬೇಕು. ದಾರಿ ಎರಡು ಪಟ್ಟಿಗಿಂತ ಜಾಸ್ತಿ. ಅಷ್ಟೂ ದೂರ ಬಣ್ಣ ಬೆಳಕನ್ನು ತಿನ್ನುತ್ತದೆ.

ಹಾಗಾಗಿ ಕಲ್ಲನ್ನು ಸೂರ್ಯನಿಗೆ ಹಿಡಿಯಬೇಡಿ, ಬಿಳಿ ಹಾಳೆಯ ಮೇಲೆ ಇಡಿ. ಪತ್ರಿಕೆಯ ಮೇಲಿಟ್ಟರೆ ಅಕ್ಷರ ಇರುವುದು ಗೊತ್ತಾಗಬೇಕು. ಹಾಲು ಹಾಕದ ತೆಳು ಚಹಾ ಬಣ್ಣ 12 ಮಿಲಿಮೀಟರ್ ಹರಳಿಗೆ ಚಂದ. ಜೋನಿ ಬೆಲ್ಲದ ಬಣ್ಣವಾದರೆ 8 ಮಿಲಿಮೀಟರಿಗಿಂತ ದೊಡ್ಡದು ಮಾಡಬೇಡಿ. ಅಂಗಡಿಯಲ್ಲಿ "ಇದು ಸ್ವಲ್ಪ ಪೇಲವ ಆಯ್ತೇನೋ" ಅನ್ನಿಸಿದ ಕಲ್ಲನ್ನೇ ತನ್ನಿ.

ಇನ್ನು ಬಿರುಕು. ಕಚ್ಚಾ ಕಲ್ಲಿನ ಮೈ ಮಂಜು ಹಿಡಿದ ಗಾಜಿನ ಹಾಗಿರುತ್ತದೆ, ಒಳಗಿನದು ಕಾಣುವುದಿಲ್ಲ. ಗಾಜಿನ ಬಟ್ಟಲಿಗೆ ತೆಂಗಿನ ಎಣ್ಣೆ ಹಾಕಿ ಕಲ್ಲು ಮುಳುಗಿಸಿ, ಬದಿಯಿಂದ ಟಾರ್ಚ್ ಬಿಡಿ. ನೀರಿಗಿಂತ ಎಣ್ಣೆಯಲ್ಲಿ ಕಲ್ಲಿನ ಮೈ ಚೆನ್ನಾಗಿ ಮಾಯವಾಗುತ್ತದೆ. ಕನ್ನಡಿಯ ಹಾಗೆ ಫಳಕ್ ಅನ್ನುವ ಪರದೆ ಕಂಡರೆ ಅದು ಬಿರುಕು. ಸಣ್ಣ ಸೂಜಿಗಳು ಕಂಡರೆ ರುಟೈಲ್ ಎಂಬ ಬೇರೆ ಖನಿಜ ಇರಬಹುದು, ಅದು ದೋಷವಲ್ಲ, ಕೆಲವರಿಗೆ ಅದೇ ಬೇಕು. ಡಿಸೆಂಬರ್ ಬೆಳಿಗ್ಗೆ ಶಿರಸಿಯಲ್ಲಿ ಎಣ್ಣೆ ಹೆಪ್ಪುಗಟ್ಟಿ ಕೂತಿರುತ್ತದೆ. ಆಗ ಮೆಡಿಕಲ್ ಶಾಪಿನ ಗ್ಲಿಸರಿನ್ ತನ್ನಿ. ನೋಡಿಯಾದ ಮೇಲೆ ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಎಣ್ಣೆ ಉಳಿದ ಕಲ್ಲಿಗೆ ಯಾವ ಅಂಟೂ ಹಿಡಿಯುವುದಿಲ್ಲ.

10 ಗ್ರಾಂ ಕಲ್ಲು ತಂದ್ರೆ ಎಷ್ಟು ಉಳೀತದೆ?

10 ಗ್ರಾಂ ಅಂದರೆ 50 ಕ್ಯಾರೆಟ್. ಆಕಾರ ಒಳ್ಳೆಯದಿದ್ದರೆ 10ರಿಂದ 15 ಕ್ಯಾರೆಟ್ ಹರಳು ಆಗುತ್ತದೆ. ಉಳಿದದ್ದು ನೀರಿನಲ್ಲಿ ಹೋಗುತ್ತದೆ. ಚಪ್ಪಟೆ ತುಂಡು ತರಬೇಡಿ, ಆಳ ಸಾಲದೆ ಹರಳು ಪುಟ್ಟದಾಗುತ್ತದೆ.

ಧೂಳಿಂದ ಏನಾದ್ರೂ ತೊಂದ್ರೆ ಇದೆಯಾ?

ಇದೆ, ಮತ್ತು ಇದೊಂದರಲ್ಲಿ ನಾನು ತಮಾಷೆ ಮಾಡುವುದಿಲ್ಲ. ಸ್ಫಟಿಕದ ಸಣ್ಣ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಬಂದರೆ ವಾಸಿಯಾಗುವುದಿಲ್ಲ. ಗುಜರಾತಿನ ಖಂಭಾತದಲ್ಲಿ ಅಕೀಕ್ (ಅಗೇಟ್) ಕಲ್ಲನ್ನು ಒಣಗಾಗಿಯೇ ಉಜ್ಜುತ್ತಿದ್ದ ಎಷ್ಟೋ ಕುಟುಂಬಗಳು ಇದರಿಂದ ಹಾಳಾಗಿವೆ.

ನೀರು ತೊಟ್ಟಿಕ್ಕುತ್ತಾ ಇರುವಾಗ ಧೂಳು ಏಳುವುದಿಲ್ಲ. ಅಪಾಯ ಕೆಲಸ ಮುಗಿದ ಮೇಲೆ ಶುರು. ಟ್ರೇಯಲ್ಲಿ ಉಳಿದ ಕೆಸರು ಒಣಗಿ ಪುಡಿಯಾಗುತ್ತದೆ, ಮಾರನೇ ದಿನ ಯಾರೋ ಪೊರಕೆ ಹಿಡಿದು ಗುಡಿಸುತ್ತಾರೆ. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಲುಂಗಿಯೊಂದನ್ನು ಅದಕ್ಕೇ ಇಡಿ. ನೀರಿಲ್ಲದೆ "ಒಂದೇ ಒಂದು ಸಲ" ಕೂಡ ಉಜ್ಜಬೇಡಿ. ಕೆಸರನ್ನು ಬಚ್ಚಲಿಗೆ ಚೆಲ್ಲಿದರೆ ಪೈಪು ಕಟ್ಟುತ್ತದೆ, ಬಕೆಟಿನಲ್ಲಿ ತಳ ಕೂರಲು ಬಿಟ್ಟು ಮೇಲಿನ ನೀರು ಮಾತ್ರ ಬಿಡಿ.

ಮಳೆಗಾಲದಲ್ಲಿ ಕೆಲಸ ಮಾಡ್ಲಿಕ್ಕಾಗ್ತದಾ? ಎಲ್ಲ ತುಕ್ಕು ಹಿಡೀತದೆ.

ತೋಟದ ಕೆಲಸ ನಿಂತ ಮಳೆಗಾಲವೇ ಇದಕ್ಕೆ ಸರಿಯಾದ ಕಾಲ. ಕಾರವಾರದವರಿಗೆ ಉಪ್ಪು ಗಾಳಿಯ ಕಾಟ ಜಾಸ್ತಿ, ಹನ್ನೆರಡು ತಿಂಗಳೂ ತಪ್ಪಿದ್ದಲ್ಲ. ಲ್ಯಾಪುಗಳನ್ನು ತೊಳೆದು, ಫ್ಯಾನಿನಡಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಡಬ್ಬದಲ್ಲಿ ಮುಚ್ಚಿಡಿ. ಕಲ್ಲು ಅಂಟಿಸುವ ಡಾಪ್ ಕಡ್ಡಿ ಹಿತ್ತಾಳೆಯದ್ದಾದರೆ ಚಿಂತೆ ಇಲ್ಲ.

ಕರೆಂಟು ಹೋದರೆ ಮೊದಲು ಕಲ್ಲನ್ನು ಲ್ಯಾಪಿನಿಂದ ಎತ್ತಿ, ಆಮೇಲೆ ಟಾರ್ಚ್ ಹುಡುಕಿ. ನೀರಿನ ನಲ್ಲಿಯನ್ನೂ ನಿಲ್ಲಿಸಿ. ನಾನು ಮರೆತು ಊಟಕ್ಕೆ ಹೋದ ದಿನ ಟ್ರೇ ತುಂಬಿ, ಮೆತ್ತಿನ ಹಲಗೆ ಸಂದಿಯಿಂದ ಕೆಳಗೆ ಹರಡಿದ್ದ ಚಾಲಿ ಅಡಿಕೆಯ ಮೇಲೆ ಬಿತ್ತು. ಅದರ ಬಗ್ಗೆ ಮನೆಯಲ್ಲಿ ಈಗಲೂ ಮಾತು ಬರುತ್ತದೆ.

## ಯಂತ್ರದ ಮುಂದೆ ಕೂತ ಮೇಲೆ

ಮೊದಲಿಂದ ಕೊನೆವರೆಗೆ ಕ್ರಮ ಒಮ್ಮೆ ಹೇಳಿ.

ಕಲ್ಲನ್ನು ಡಾಪ್ ಎಂಬ ಕಡ್ಡಿಯ ತುದಿಗೆ ಅಂಟಿಸುತ್ತೇವೆ. ಡಾಪನ್ನು ಯಂತ್ರದ ತೋಳಿಗೆ ಸಿಕ್ಕಿಸುತ್ತೇವೆ. ತೋಳಿಗೆ ಎರಡು ಅಳತೆ: ಒಂದು ಎಷ್ಟು ಬಾಗಬೇಕು ಅನ್ನುವ ಡಿಗ್ರಿ, ಇನ್ನೊಂದು ಕಲ್ಲು ತನ್ನ ಸುತ್ತ ಎಷ್ಟು ತಿರುಗಬೇಕು ಅನ್ನುವ ಇಂಡೆಕ್ಸ್ ಗೇರ್. ಗೇರಿಗೆ ಸಾಮಾನ್ಯವಾಗಿ 96 ಹಲ್ಲು.

ರೌಂಡ್ ಬ್ರಿಲಿಯಂಟ್ ಆದರೆ ಮೊದಲು 90 ಡಿಗ್ರಿಯಲ್ಲಿ ಸುತ್ತಲೂ ಉಜ್ಜಿ ಕಲ್ಲನ್ನು ಕಂಬದ ಹಾಗೆ ದುಂಡು ಮಾಡಿ. ಹರಳಿನ ನಡು, ಅಂದರೆ ಗರ್ಡಲ್, ಇದರಲ್ಲೇ ಬರುತ್ತದೆ. ಆಮೇಲೆ ಕೆಳಭಾಗ, ಅದಕ್ಕೆ ಪೆವಿಲಿಯನ್ ಅನ್ನುತ್ತಾರೆ. 43 ಡಿಗ್ರಿಗೆ ಇಟ್ಟು, ಗೇರಿನ 96, 12, 24, 36, 48, 60, 72, 84ನೇ ಹಲ್ಲಿನಲ್ಲಿ ಎಂಟು ಮುಖ್ಯ ಮುಖ. ಎಂಟೂ ತುದಿಯಲ್ಲಿ ಒಂದೇ ಚುಕ್ಕಿಯಲ್ಲಿ ಕೂಡಬೇಕು. ನಂತರ 45 ಡಿಗ್ರಿಯಲ್ಲಿ 3, 9, 15, 21 ಹೀಗೆ ಆರಾರು ಹಲ್ಲು ಬಿಟ್ಟು ಹದಿನಾರು ಸಣ್ಣ ಮುಖ. ಆಕಾರ 260ರಲ್ಲಿ, ಸರಿಪಡಿಸುವುದು 600, 1200ರಲ್ಲಿ, ನಯ ಮಾಡುವುದು 3000ದಲ್ಲಿ, ಕೊನೆಗೆ ಪಾಲಿಶ್.

ಕೆಳಭಾಗ ಮುಗಿದ ಮೇಲೆ ಕಲ್ಲನ್ನು ತಲೆಕೆಳಗು ಮಾಡಿ ಇನ್ನೊಂದು ಡಾಪಿಗೆ ದಾಟಿಸಬೇಕು. ಎರಡೂ ಡಾಪ್ ಒಂದೇ ಗೆರೆಯಲ್ಲಿ ನಿಲ್ಲುವ ಹಾಗೆ ಹಿಡಿಯುವ ಅಚ್ಚು ಯಂತ್ರದ ಜೊತೆಗೇ ಬರುತ್ತದೆ. ಮೇಲ್ಭಾಗಕ್ಕೂ ಅದೇ ಕ್ರಮ: ಎಂಟು ಮುಖ್ಯ, ಹದಿನಾರು ಸಣ್ಣ, 6, 18, 30ನೇ ಹಲ್ಲಿನಿಂದ ಮುಂದಕ್ಕೆ ಎಂಟು ನಕ್ಷತ್ರ ಮುಖ. ಕೊನೆಗೆ 45 ಡಿಗ್ರಿ ಅಡಾಪ್ಟರ್ ಹಾಕಿ ಟೇಬಲ್, ಅಂದರೆ ನೆತ್ತಿಯ ಚಪ್ಪಟೆ ಮುಖ. ಮೊದಲ ಹರಳಿಗೆ ಎರಡು ಮೂರು ಭಾನುವಾರ ಬೇಕು. ಕೈ ಕುದುರಿದ ಮೇಲೆ ಒಂದೇ ದಿನದಲ್ಲಿ ಮುಗಿಯುತ್ತದೆ.

ಕಲ್ಲು ಡಾಪಿಂದ ಪದೇ ಪದೇ ಕಳಚಿ ಬೀಳ್ತದೆ. ಎಂತ ಮಾಡೋದು?

ಅರಗಿನಲ್ಲಿ ಅಂಟಿಸುತ್ತಿದ್ದರೆ ನೂರಕ್ಕೆ ತೊಂಬತ್ತು ಸಲ ಕಲ್ಲು ತಣ್ಣಗಿತ್ತು ಅಂತ ಅರ್ಥ. ಅರಗು ಕರಗಿ ಡಾಪಿಗೆ ಹಿಡಿದಿರುತ್ತದೆ, ಕಲ್ಲಿಗೆ ಸುಮ್ನೆ ತಾಗಿಕೊಂಡಿರುತ್ತದೆ. ಕಲ್ಲನ್ನೂ ಬಿಸಿ ಮಾಡಬೇಕು, ಆದರೆ ನಿಧಾನಕ್ಕೆ. ನೇರ ಬೆಂಕಿಗೆ ಹಿಡಿದರೆ ಟಪ್ ಅಂತ ಬಿರುಕು ಬಿಡುತ್ತದೆ. ಹಳೇ ಕಾವಲಿಯ ಮೇಲೆ ಮರಳು ಹಾಕಿ, ಸಣ್ಣ ಉರಿಯಲ್ಲಿ, ಕಲ್ಲನ್ನು ಮರಳಿನ ಮೇಲಿಡಿ. ಅರಗಿನ ಚೂರೊಂದನ್ನು ಕಲ್ಲಿನ ನೆತ್ತಿಯ ಮೇಲೆ ಇಡಿ, ಅದು ತಾನಾಗಿ ಕರಗಿದರೆ ಹದ ಬಂತು.

ಜಡಿಮಳೆಯ ದಿನಗಳಲ್ಲಿ ನಾನು ಅರಗು ಬಿಟ್ಟು ಎಪಾಕ್ಸಿ ಬಳಸುತ್ತೇನೆ. ರಾತ್ರಿ ಅಂಟಿಸಿಟ್ಟರೆ ಬೆಳಿಗ್ಗೆ ಗಟ್ಟಿ. ಬಿಡಿಸಲು ಅಸಿಟೋನಿನಲ್ಲಿ ನೆನೆಹಾಕಬೇಕು, ಒಂದೆರಡು ದಿನ ತಾಳ್ಮೆ ಬೇಕು.

ಹರಳಿನ ನಡುಮಧ್ಯ ಕಿಟಕಿ ತರ ಕಾಣ್ತದೆ. ಕೆಳಗಿಟ್ಟ ಪೇಪರಿನ ಅಕ್ಷರ ಓದ್ಲಿಕ್ಕೆ ಬರ್ತದೆ!

ಕೆಳಭಾಗದ ಕೋನ ಕಡಿಮೆಯಾಗಿದೆ. ಸ್ಫಟಿಕದ ವಕ್ರೀಭವನ ಸೂಚಿ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, 1.544ರಿಂದ 1.553. ಇದರಿಂದ ಬರುವ ಕ್ರಾಂತಿಕೋನ ಸುಮಾರು 40.4 ಡಿಗ್ರಿ. ಪೆವಿಲಿಯನ್ ಮುಖಗಳು ಇದಕ್ಕಿಂತ ಚಪ್ಪಟೆಯಾದರೆ ಬೆಳಕು ತಿರುಗದೆ ತಳದಿಂದ ಸೋರಿಹೋಗುತ್ತದೆ. ತೂತಾದ ಕೊಡಪಾನಕ್ಕೆ ಎಷ್ಟು ನೀರು ಸುರಿದರೇನು? ಹರಳನ್ನು ಸ್ವಲ್ಪ ಓರೆ ಮಾಡಿದರೂ ಬೆಳಕು ಉಳಿಯಬೇಕು, ಹಾಗಾಗಿ 42, 43 ಡಿಗ್ರಿ ಇಟ್ಟುಕೊಳ್ಳಿ. ಅಂಗಡಿಯ ಎಷ್ಟೋ ಹರಳುಗಳಿಗೆ ಈ ಕಿಟಕಿ ಇರುತ್ತದೆ. ಕಲ್ಲು ಉಳಿಸಿ ತೂಕ ಹೆಚ್ಚು ತೋರಿಸಲು ತಳ ಚಪ್ಪಟೆ ಮಾಡುತ್ತಾರೆ. ನಿಮ್ಮ ಹರಳನ್ನು ಸರಿ ಮಾಡಬೇಕಾದರೆ ತಳವನ್ನು ಮತ್ತೆ ಕಡೆಯಬೇಕು, ಅಗಲ ಸ್ವಲ್ಪ ಕಡಿಮೆಯಾಗುತ್ತದೆ.

ಪಾಲಿಶ್ ಮಾಡುವಾಗ ಎಲ್ಲಿಂದಲೋ ಗೀರು ಬರ್ತದೆ. ಸಾಕಾಗಿ ಹೋಯ್ತು.

ಪಾಲಿಶ್‌ಗೆ ಡೈಮಂಡ್ ಪುಡಿ ಬಳಸುತ್ತಿದ್ದೀರಾ? ಸ್ಫಟಿಕಕ್ಕೆ ಅದು ಹಟಮಾರಿ. ಸೀರಿಯಂ ಆಕ್ಸೈಡ್ ತನ್ನಿ, ಗಾಜಿಗೆ ಪಾಲಿಶ್ ಮಾಡುವವರ ಪುಡಿ ಅದು. ಸ್ಫಟಿಕದ ಮೈಯನ್ನು ಅದು ಬರೀ ಉಜ್ಜುವುದಿಲ್ಲ, ರಾಸಾಯನಿಕವಾಗಿಯೂ ಕೆಲಸ ಮಾಡುತ್ತದೆ. ಅಕ್ರಿಲಿಕ್ ತಟ್ಟೆ ಸಾಕು. ಒಂದು ಚಮಚ ಪುಡಿಯನ್ನು ಲೋಟ ನೀರಿನಲ್ಲಿ ಕದಡಿ, ತೆಳು ನೀರುಮಜ್ಜಿಗೆಯ ಹದಕ್ಕೆ ತಂದು, ಬ್ರಶ್‌ನಲ್ಲಿ ಸ್ವಲ್ಪ ಸ್ವಲ್ಪ ಹಚ್ಚಿ. ತಟ್ಟೆ ನಿಧಾನಕ್ಕೆ ತಿರುಗಲಿ. ತೀರಾ ಒದ್ದೆಯಾದರೆ ಕಲ್ಲು ತೇಲುತ್ತದೆ, ಪಾಲಿಶ್ ಆಗುವುದಿಲ್ಲ. ಒಣಗುತ್ತಾ ಬಂದಾಗ ಕಲ್ಲು ತಟ್ಟೆಯನ್ನು ಹಿಡಿದು ಎಳೆದ ಹಾಗೆ ಕೈಗೆ ಗೊತ್ತಾಗುತ್ತದೆ. ಹೊಳಪು ಬರುವುದು ಆ ಹೊತ್ತಿಗೇ. ಆದರೆ ಪೂರ್ತಿ ಒಣಗಲು ಬಿಡಬೇಡಿ.

ಸೀರಿಯಂ ಬಳಸಿಯೂ ಗೀರು ಬಂದರೆ ಹಿಂದಿನ ಲ್ಯಾಪಿನ ಕಣ ಎಲ್ಲೋ ಉಳಿದಿದೆ. ಉಗುರಿನ ಸಂದಿ, ಡಾಪಿನ ಬುಡ, ಅರಗಿನ ಮಡಿಕೆ, ಟ್ರೇಯ ಅಂಚು ನೋಡಿ. ಪ್ರತಿ ಸಲ ಲ್ಯಾಪ್ ಬದಲಿಸುವಾಗ ಎಲ್ಲವನ್ನೂ ಹಳೇ ಹಲ್ಲುಜ್ಜುವ ಬ್ರಶ್‌ನಲ್ಲಿ ತೊಳೆಯಿರಿ. ಅಡುಗೆಮನೆಯ ಮಡಿಗಿಂತ ಒಂದು ಕೈ ಮೇಲು ಈ ಮಡಿ.

ಇನ್ನೊಂದು ಸಾಧ್ಯತೆಯೂ ಇದೆ. ಅದು ಹೊಸ ಗೀರೇ ಅಲ್ಲ, 1200ರಲ್ಲಿ ಉಳಿದ ಹಳೇ ಗುಂಡಿ, ಪಾಲಿಶ್ ಆದ ಮೇಲೆ ಕಣ್ಣಿಗೆ ಬಿತ್ತು. 3000ಕ್ಕೆ ವಾಪಸ್ ಹೋಗಿ.

ಮುಖಗಳ ಮೂಲೆ ಒಂದು ಕಡೆ ಕೂಡ್ತದೆ, ಎದುರು ಕಡೆ ಕೂಡೋದಿಲ್ಲ.

ಒಂದು ಕಡೆ ಸರಿ, ಎದುರು ಕಡೆ ತಪ್ಪು ಅಂದರೆ ಡಾಪ್ ದಾಟಿಸುವಾಗ ಕಲ್ಲು ಓರೆಯಾಗಿದೆ. ಯಂತ್ರದಲ್ಲಿ ಸಣ್ಣ ತಿರುಪು ಇರುತ್ತದೆ, ಅದಕ್ಕೆ ಚೀಟರ್ ಅನ್ನುತ್ತಾರೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಿಕೊಳ್ಳಬಹುದು. ಎಲ್ಲ ಕಡೆಯೂ ಒಂದೇ ಥರ ತಪ್ಪಿದ್ದರೆ ಕೋನದ ತಪ್ಪು. ಒಂದೇ ಒಂದು ಮೂಲೆ ತಪ್ಪಿದ್ದರೆ ಆ ಮುಖವನ್ನು ಜಾಸ್ತಿ ಉಜ್ಜಿದ್ದೀರಿ, ಉಳಿದೆಲ್ಲವನ್ನೂ ಅದರ ಮಟ್ಟಕ್ಕೆ ಇಳಿಸಬೇಕು. 260ರಲ್ಲಿ ಮೂಲೆ ಕೂಡಿಸಲು ಹೋಗಬೇಡಿ, ಸ್ವಲ್ಪ ಕಮ್ಮಿ ಬಿಟ್ಟು 1200ರಲ್ಲಿ ಕೂಡಿಸಿ.

## ಸ್ವಲ್ಪ ಮುಂದೆ ಹೋದವರಿಗೆ

ಹರಳು ತೀರಾ ಕಪ್ಪಾಯ್ತು. ಬಿಸಿ ಮಾಡಿದ್ರೆ ತಿಳಿಯಾಗ್ತದಂತೆ, ಹೌದಾ?

ಹೌದು. 300, 400 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಬಣ್ಣ ಹೋಗುತ್ತದೆ. ಕೆಲವು ಕಲ್ಲು ನಡುವೆ ಹಳದಿ ಅಥವಾ ಹಸಿರು ಛಾಯೆಗೆ ತಿರುಗಿ ಆಮೇಲೆ ಬಿಳಿಯಾಗುತ್ತದೆ. ತೊಂದರೆ ಏನಂದರೆ ಬೇಕಾದಲ್ಲಿ ನಿಲ್ಲಿಸುವುದು ಕಷ್ಟ. ಒಂದೇ ಗಣಿಯ ಎರಡು ಕಲ್ಲು ಬೇರೆ ಬೇರೆ ಶಾಖಕ್ಕೆ ಬಣ್ಣ ಬಿಡುತ್ತವೆ. ಒಳಗೆ ನೀರಿನ ಗುಳ್ಳೆ ಇದ್ದರೆ ಕಲ್ಲು ಸಿಡಿಯಬಹುದು. ಮಾಡಲೇಬೇಕಾದರೆ ಶಾಖ ಹಿಡಿತದಲ್ಲಿಡುವ ಕುಲುಮೆಯಲ್ಲಿ, ಮರಳಿನಲ್ಲಿ ಹುಗಿದು, ತಾಸುಗಟ್ಟಲೆ ನಿಧಾನಕ್ಕೆ ಏರಿಸಿ ಇಳಿಸಿ. ಮುಗಿದ ಹರಳಿಗೆ ಬೇಡ, ಕಚ್ಚಾ ಚೂರಿಗೆ ಮಾಡಿ ನೋಡಿ. ನನ್ನ ಕೋಟಿನ ಗುಂಡಿಯನ್ನು ನಾನು ಬಿಸಿ ಮಾಡಲಿಲ್ಲ. ಹೊಸಬರಿಗೆ ತೋರಿಸಲು ಅದು ಹಾಗೇ ಇರಲಿ.

ಬಣ್ಣ ಒಂದೇ ಕಡೆ ದಟ್ಟ ಇದೆ, ಉಳಿದದ್ದು ಬಿಳಿ. ಕಲ್ಲನ್ನು ಹೇಗೆ ಕೂರಿಸ್ಬೇಕು?

ದಟ್ಟ ಭಾಗವನ್ನು ತಳದ ತುದಿಗೆ ತನ್ನಿ. ಮೇಲಿಂದ ನೋಡುವಾಗ ಬರುವ ಬೆಳಕೆಲ್ಲ ತಳದ ಮುಖಗಳಲ್ಲಿ ತಿರುಗಿ ಬರುವುದರಿಂದ ಆ ಒಂದು ಚೂರು ಬಣ್ಣ ಇಡೀ ಹರಳಿಗೆ ಹರಡಿದ ಹಾಗೆ ಕಾಣುತ್ತದೆ. ಬಣ್ಣ ಬದಿಯಲ್ಲಿ ಕೂತರೆ ಮೈಗೆ ಕಲೆ ಹತ್ತಿದ ಹಾಗೆ. ತೀರಾ ದಟ್ಟವಾಗಿದ್ದರೆ ಇದೇ ಉಪಾಯವನ್ನು ತಿರುವಿ, ಕಪ್ಪು ಭಾಗವನ್ನು ಉಜ್ಜಿಹೋಗುವ ಮೂಲೆಗೆ ತಳ್ಳಿ.

ನೀಲಮಣಿಗೆ ಬರೆದ ಡಿಸೈನ್ ಒಂದು ಸಿಕ್ಕಿದೆ. ಇದಕ್ಕೆ ಹಾಕ್ಬಹುದಾ?

ನೇರ ಹಾಕಿದರೆ ಕಿಟಕಿ ಬೀಳುತ್ತದೆ. ಕೋನ ಬದಲಿಸಿ ಹಾಕಬಹುದು, ಆದರೆ ಎಲ್ಲಕ್ಕೂ ಮೂರು ಮೂರು ಡಿಗ್ರಿ ಕೂಡಿಸುವುದಲ್ಲ. ಹಾಗೆ ಮಾಡಿದರೆ ಮೂಲೆಗಳು ಕೂಡುವುದಿಲ್ಲ. ಟ್ಯಾಂಜೆಂಟ್ ಲೆಕ್ಕ ಹಾಕಬೇಕು.

ಡಿಸೈನಿನಲ್ಲಿ ತಳದ ಮುಖ್ಯ ಮುಖ 39 ಡಿಗ್ರಿ, ಸಣ್ಣ ಮುಖ 41 ಡಿಗ್ರಿ ಇದೆ ಅನ್ನಿ. ನಮಗೆ ಮುಖ್ಯ ಮುಖ 42 ಬೇಕು. ಟ್ಯಾನ್ 42 ಅಂದರೆ 0.9004, ಟ್ಯಾನ್ 39 ಅಂದರೆ 0.8098. ಭಾಗಿಸಿದರೆ 1.112. ಈಗ ಟ್ಯಾನ್ 41, ಅಂದರೆ 0.8693, ಇದನ್ನು 1.112ರಿಂದ ಗುಣಿಸಿದರೆ 0.9667. ಅದರ ಕೋನ 44.03 ಡಿಗ್ರಿ. ಸಣ್ಣ ಮುಖಕ್ಕೆ ಅದನ್ನೇ ಇಡಿ. ಗೇರಿನ ಹಲ್ಲಿನ ನಂಬರ್ ಬದಲಾಗುವುದಿಲ್ಲ. ಮೇಲ್ಭಾಗಕ್ಕೆ ಬೇರೆ ಅನುಪಾತ ಇಟ್ಟುಕೊಳ್ಳಬಹುದು, ಆದರೆ ಅಲ್ಲಿಯ ಎಲ್ಲ ಮುಖಕ್ಕೂ ಅದೊಂದೇ ಅನುಪಾತ. ಕಪ್ಪು ಕಲ್ಲಿಗೆ ನಾನು ಮೇಲ್ಭಾಗವನ್ನು ಹೀಗೇ ತಗ್ಗಿಸುತ್ತೇನೆ, ಎತ್ತರ ಇಳಿದಷ್ಟು ಬಣ್ಣವೂ ಇಳಿಯುತ್ತದೆ. ಜೆಮ್‌ಕ್ಯಾಡ್ ಎಂಬ ಸಾಫ್ಟ್‌ವೇರ್ ಈ ಲೆಕ್ಕವನ್ನೆಲ್ಲ ತಾನೇ ಮಾಡುತ್ತದೆ. ಆದರೂ ಒಂದು ಸಲ ಕೈಯಲ್ಲಿ ಹಾಕಿ ನೋಡಿ.

ಶೇಟರ ಹತ್ರ ಉಂಗುರಕ್ಕೆ ಕೂರಿಸ್ಲಿಕ್ಕೆ ಕೊಡುವಾಗ ಎಂತ ಹೇಳ್ಬೇಕು?

ಬೆಸುಗೆ ಎಲ್ಲ ಮುಗಿದ ಮೇಲೇ ಹರಳು ಕೂರಿಸಿ ಅಂತ ಹೇಳಿ. ಅವರಿಗೆ ಗೊತ್ತಿರುತ್ತದೆ, ಆದರೂ ಹೇಳಿ. ಬೆಳ್ಳಿ ಬೆಸುಗೆಯ ಉರಿ ತಾಗಿದರೆ ಬಣ್ಣವೂ ಹೋಗುತ್ತದೆ, ಕಲ್ಲೂ ಒಡೆಯುತ್ತದೆ. 573 ಡಿಗ್ರಿಯಲ್ಲಿ ಸ್ಫಟಿಕದ ಒಳರಚನೆಯೇ ಬದಲಾಗಿ ಗಾತ್ರ ಹಿಗ್ಗುತ್ತದೆ. ಮುಂದೆ ಯಾವಾಗಲಾದರೂ ಉಂಗುರದ ಅಳತೆ ಬದಲಿಸುವಾಗಲೂ ಹರಳು ತೆಗೆದೇ ಮಾಡಬೇಕು. ನಡುವಿನ ಅಂಚು ತೀರಾ ಚೂಪು ಬಿಟ್ಟಿದ್ದರೆ ಕೊಂಡಿ ಒತ್ತುವಾಗ ಚಕ್ಕೆ ಏಳುತ್ತದೆ, ಕಡೆಯುವಾಗಲೇ ಸ್ವಲ್ಪ ದಪ್ಪ ಬಿಡಿ.

ಇದನ್ನ ಮಾರಿ ದುಡ್ಡು ಮಾಡ್ಬಹುದಾ?

ಅಡಿಕೆ ಸುಲಿದ ಕೂಲಿಯೂ ಹುಟ್ಟುವುದಿಲ್ಲ. ಕಲ್ಲೇ ಅಗ್ಗ. ನಾವು ಇಡೀ ದಿನ ಕೂತು ಮಾಡುವ ಹರಳಿನ ಗಾತ್ರದ್ದೇ ಕಾರ್ಖಾನೆಯಲ್ಲಿ ರಾಶಿ ರಾಶಿ ತಯಾರಾಗಿ ಬರುತ್ತದೆ. ಕೋನ ಸರಿ ಇರುವುದಿಲ್ಲ, ಆದರೆ ಕೊಳ್ಳುವವರು ಕೋನ ನೋಡುವುದಿಲ್ಲ. ನಾನು ಇಷ್ಟು ವರ್ಷದಲ್ಲಿ ಮಾರಿದ್ದು ಒಂದೇ ಹರಳು. 9 ಮಿಲಿಮೀಟರ್, ತೆಳು ಚಹಾ ಬಣ್ಣ, ಕುಮಟಾದ ಭಾವ ತಗೊಂಡ. ದುಡ್ಡು ಇನ್ನೂ ಬರಬೇಕು.